ಟೈಟಾನಿಯಂ ಪೆನ್ನು: ನೀಲಿ ಬೇಗ ಹೋಯಿತು, ಗೀರು ಹೋಗಲಿಲ್ಲ

ನಿನ್ನೆ ರಾತ್ರಿ ಹತ್ತೂವರೆಗೆ ಪೆನ್ನಿನ ಮೈಮೇಲೆ ನಮ್ಮ ಮನೆಯ ಟ್ಯೂಬ್‌ಲೈಟು ಒಂದೇ ನೇರ ಗೆರೆಯಾಗಿ ಕಂಡಿತು. ಮಸುಕಿಲ್ಲ, ಎಲ್ಲೂ ತುಂಡಾಗಿಲ್ಲ. ನೀಲಿ ಟೈಟಾನಿಯಂ ಪೆನ್ನನ್ನು ಕನ್ನಡಿಯ ಹಾಗೆ ಹೊಳೆಯಿಸುವುದಕ್ಕೇ ಮೂರು ಭಾನುವಾರ ಹೋದವು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಆನೊಡೈಸ್, ಅಂದರೆ ಕರೆಂಟು ಹರಿಸಿ ಲೋಹದ ಮೇಲೆ ಬೆಳೆಸಿದ ಪದರ, ಅದನ್ನು ತೆಗೆದ ಕಥೆ ಉದ್ದವಿಲ್ಲ. ಆ ನೀಲಿ ಬಳಿದ ಬಣ್ಣ ಅಲ್ಲ, ತೆಳು ಆಕ್ಸೈಡ್ ಪದರದಲ್ಲಿ ಬೆಳಕು ಮಾಡುವ ಆಟ, ಅಲ್ವಾ. 400 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು) ಹಿಡಿದ ಐದೇ ನಿಮಿಷಕ್ಕೆ ಮೈಯೆಲ್ಲ ಬೂದಿ ಬಣ್ಣ. ಕ್ಲಿಪ್ ಕೂರುವ ಸಂದಿಯಲ್ಲಿ ಮಾತ್ರ ನೀಲಿ ಉಳಿಯಿತು. ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಅಂತ ಗೆಳೆಯ ಹೇಳಿದ. ಅದು ಅಲ್ಯೂಮಿನಿಯಂ ಮದ್ದು, ಟೈಟಾನಿಯಂ ಅದಕ್ಕೆ ಜಗ್ಗುವುದಿಲ್ಲ. ಹೈಡ್ರೋಫ್ಲೋರಿಕ್ ಆಸಿಡ್ ಇರುವ ತುಕ್ಕು ತೆಗೆಯುವ ದ್ರವ ಹಾಕಿದರೆ ಬಣ್ಣ ಕ್ಷಣದಲ್ಲಿ ಹೋಗುತ್ತದೆ ನಿಜ, ಆದರೆ ಅದು ಚರ್ಮದೊಳಗೆ ಇಳಿದು ಮೈಯ ಕ್ಯಾಲ್ಸಿಯಂ ಹಿಡಿಯುತ್ತದೆ, ಮೊದಲಿಗೆ ಉರಿ ಕೂಡ ಗೊತ್ತಾಗದೆ ಇರಬಹುದು. ಮಕ್ಕಳು ಓಡಾಡುವ ಮನೆಗೆ ಅದನ್ನು ತರುವುದಿಲ್ಲ. ಬಿದಿರಿನ ಸೀಳಿಗೆ ಪೇಪರ್ ಸುತ್ತಿ ಸಂದಿಯನ್ನು ಕೈಯಲ್ಲೇ ಉಜ್ಜಿದೆ.

ಗೋಳು ಶುರುವಾಗಿದ್ದು ಆಮೇಲೆ. ಡ್ರಿಲ್ಲನ್ನು ವೈಸ್‌ಗೆ ಕಟ್ಟಿ, ಪೆನ್ನು ತಿರುಗಿಸುತ್ತಾ 400ರಿಂದ 2000ದವರೆಗೆ ಹೋಗಿ, ಕೊನೆಯ ಹೊಳಪು ಕೊಡುವ ಹಸಿರು ಬಫಿಂಗ್ ಸೋಪು ಹಚ್ಚಿದೆ. ದೂರದಿಂದ ಹೊಳಪು ಚೆನ್ನಾಗಿದೆ. ಕಣ್ಣಿನ ಹತ್ತಿರ ತಂದು ಸ್ವಲ್ಪ ಓರೆ ಮಾಡಿದರೆ ಸುತ್ತಲೂ ಕೂದಲಿಗಿಂತ ಸಣ್ಣ ಬಳೆಗಳು, ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ. ಎರಡು ಸಲ ಮೊದಲಿನಿಂದ ಮಾಡಿದೆ, ಎರಡು ಸಲವೂ ಅವೇ ಬಳೆ.

ಮೊದಲು ಪೇಪರ್ ಮೇಲೆ ಅನುಮಾನ ಬಂತು. ಆನ್‌ಲೈನಿನಲ್ಲಿ ತರಿಸಿದ್ದು ಹನ್ನೊಂದು ದಿನಕ್ಕೆ ಬಂತು, ಹಿಂದೆ 2000 ಅಂತ ಛಾಪಿಸಿದ್ದಾರೆ, ಉಗುರಿಗೆ 800ರಷ್ಟು ಒರಟು. ವಾಪಸ್ ಕೇಳಿದರೆ ಕವರ್ ಹರಿದಿದೆ ಅಂದರು. ಹರಿಯದೆ ಒಳಗಿನ ಪೇಪರ್ ಮುಟ್ಟುವುದು ಹೇಗೆ? ಕೊನೆಗೆ ಬೀದರಿನಲ್ಲೇ ಕಾರು ಪೇಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಒಳ್ಳೆಯದು ಸಿಕ್ಕಿತು. ಬಳೆ ಹೋಗಲಿಲ್ಲ.

ದಾರಿ ತೋರಿಸಿದ್ದು ನಮ್ಮ ಓಣಿಯ ಬಿದರಿ ಕೆಲಸದ ಚಾಚಾ. ಪೆನ್ನನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದರು. "ಒಂದೇ ಕಡಿ ಯಾಕ್ ತಿಕ್ಲತ್ತಿ ಬೇಟಾ? ಅಡ್ಡ ತಿಕ್ಕು, ಹಳೇ ಗೀರು ತಾನೇ ಕಾಣ್ತದ."

ಅಷ್ಟೇ ವಿಷಯ. ಡ್ರಿಲ್ ತಿರುಗುವಾಗ ಎಲ್ಲಾ ನಂಬರಿನ ಗೀರೂ ಒಂದೇ ದಿಕ್ಕಿಗೆ ಬೀಳುತ್ತದೆ, ಹೊಸ ಗೀರಿನ ಕೆಳಗೆ ಹಳೆಯದು ಅಡಗುತ್ತದೆ, ಬಫ್ ಮಾಡಿದ ಮೇಲೆ ಎದ್ದು ಕಾಣುತ್ತದೆ. ಈಗ ಪ್ರತಿ ನಂಬರ್ ಮುಗಿದ ಮೇಲೆ ಡ್ರಿಲ್ ನಿಲ್ಲಿಸಿ, ಅದೇ ಪೇಪರಿನಲ್ಲಿ ಉದ್ದಕ್ಕೆ ಕೈಯಲ್ಲಿ ಉಜ್ಜುತ್ತೇನೆ. ಒಂದು ಬಳೆಯೂ ಉಳಿಯದೆ ಬರೀ ಉದ್ದ ಗೆರೆ ಕಂಡರೆ ಮಾತ್ರ ಮುಂದಿನ ನಂಬರ್. 400ಕ್ಕೇ ಮುಕ್ಕಾಲು ಗಂಟೆ ಹಿಡಿಯಿತು.

ಇನ್ನೊಂದು ತಪ್ಪು ಜಾಸ್ತಿ ಒತ್ತಿದ್ದು. ಈ ಲೋಹ ಬಿಸಿಯನ್ನು ಬೇಗ ಬಿಡುವುದಿಲ್ಲ, ಅಂಟಂಟಾಗಿ ಪೇಪರಿಗೆ ಮೆತ್ತಿಕೊಳ್ಳುತ್ತದೆ, ಆ ಮೆತ್ತಿದ ಚೂರೇ ಉಗುರಿನಂತೆ ಗೀರುತ್ತದೆ. ಒಂದು ಬಟ್ಟಲು ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಪೇಪರ್ ಬೆಳ್ಳಗಾದ ತಕ್ಷಣ ಹೊಸ ತುಂಡು, ನಂಬರ್ ಬದಲಾದಾಗ ಪೆನ್ನು, ಕೈ, ಬಟ್ಟಲು ಎಲ್ಲಾ ತೊಳೆಯಬೇಕು. ಒಣಗಿದ್ದನ್ನು ಉಜ್ಜಲೇಬೇಡಿ, ಟೈಟಾನಿಯಂ ಪುಡಿಗೆ ಬೆಂಕಿ ಹತ್ತಿದರೆ ನೀರಿಗೆ ಆರುವುದಿಲ್ಲ.

ಇದರ ಮಧ್ಯೆ ಕ್ಯಾಪ್ ತಲೆಗೆ ಹೊಕ್ಕಿದೆ. ಅದನ್ನು ಬಿದರಿಯಲ್ಲೇ ಮಾಡಿಸಬೇಕು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿದ ಎರಕ, ಅದರಲ್ಲಿ ಬೆಳ್ಳಿ ತಂತಿಯ ಒಂದು ಬಳ್ಳಿ, ಆಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ನೀರು. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪಿನ ಕೆಳಗೆ ಈ ಹೊಳಪು ನೆನೆಸಿಕೊಳ್ಳಿ! ಕ್ಯಾಪಿನ ಗೋಡೆ ಎಷ್ಟು ದಪ್ಪ ಇದ್ದರೆ ಕೆತ್ತಲು ತಡೆಯುತ್ತದೆ ಅಂತ ಚಾಚಾನ ಹತ್ತಿರ ಕೇಳಿದೆ. ಮಣ್ಣಿನ ಡಬ್ಬಿ ತೆಗೆದು, ಒಂದು ಚಿಟಿಕೆ ನಾಲಿಗೆಗೆ ಇಟ್ಟು ರುಚಿ ನೋಡಿ, ಶುಕ್ರವಾರ ಅಳತೆ ತಗೊಂಡು ಬಾ ಅಂದರು.