ಒಬ್ಬೊಬ್ಬರೇ ನೋಡಿದರೆ ಆಗಲ್ವಾ?

"ಎಲ್ಲರೂ ಅವರವರ ಮನೆಯಲ್ಲೇ ಕೂತು, ಒಂದೇ ಹೊತ್ತಿಗೆ ಒಂದೇ ಹಳೇ ಸಿನಿಮಾ ನೋಡೋದು ಯಾಕೆ? ಬಿಡುವಾದಾಗ ಒಬ್ಬೊಬ್ಬರೇ ನೋಡಿ ಆಮೇಲೆ ಮಾತಾಡಿದರೆ ಆಗಲ್ವಾ?" ಆನ್‌ಲೈನ್ ಗೆಳೆಯರ ಜೊತೆ ಸಿನಿಮಾ ನೋಡುತ್ತೇನೆ ಅಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಹೆಚ್ಚಿನ ಸಿನಿಮಾಗಳ ವಿಷಯದಲ್ಲಿ ನನ್ನ ಉತ್ತರ: ಆಗುತ್ತೆ, ಧಾರಾಳವಾಗಿ ಆಗುತ್ತೆ. ಕೊಲೆ ಮಾಡಿದವರು ಯಾರು ಅಂತ ಹುಡುಕುವ ಸಿನಿಮಾವನ್ನು ಚಾಟ್ ತೆರೆದಿಟ್ಟುಕೊಂಡು ನೋಡುವುದು ನನಗೂ ಸೇರುವುದಿಲ್ಲ. ಆದರೆ ಚಿತ್ರಕಲಾವಿದನ ಬಗೆಗಿನ ಸಿನಿಮಾ ಆದರೆ ಮಾತ್ರ ನನಗೆ ಜೊತೆ ಬೇಕೇ ಬೇಕು.

ನಾವು ಈಚೆಗೆ ನೋಡಿದ 'ಲಸ್ಟ್ ಫಾರ್ ಲೈಫ್' ಸಿನಿಮಾವನ್ನೇ ತಗೊಳ್ಳಿ. 1956ರದು. ನಿರ್ದೇಶಕ ವಿನ್ಸೆಂಟ್ ಮಿನೆಲ್ಲಿ, ಡಚ್ ಚಿತ್ರಕಲಾವಿದ ವ್ಯಾನ್ ಗೋ ಆಗಿ ಕರ್ಕ್ ಡಗ್ಲಸ್. ಅವನ ಕಲಾವಿದ ಗೆಳೆಯ ಗೋಗ್ಯಾಂ ಪಾತ್ರ ಮಾಡಿದ ಆಂಟನಿ ಕ್ವಿನ್‌ಗೆ ಪೋಷಕ ನಟನ ಆಸ್ಕರ್ ಬಂತು, ಅವರು ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತೇ ಆದರೂ. ಕಥೆಯಲ್ಲಿ ಗುಟ್ಟೇನೂ ಇಲ್ಲ. ಕಿವಿ ಕೊಯ್ದುಕೊಳ್ಳುವುದು, 37ನೇ ವಯಸ್ಸಿಗೆ ಸಾಯುವುದು, ಎಲ್ಲವೂ ನೋಡುವವರಿಗೆ ಮೊದಲೇ ಗೊತ್ತು. ಮುಂದೇನಾಗುತ್ತೋ ಎಂಬ ಚಿಂತೆ ಇಲ್ಲದಿದ್ದರೆ ಕಣ್ಣಿಗೆ ಬಿಡುವು ಸಿಗುತ್ತದೆ. ಅದು ಕಥೆ ಬಿಟ್ಟು ಪೇಂಟಿಂಗ್‌ಗಳ ಕಡೆ ಹೋಗುತ್ತದೆ. ಅಲ್ಲೇ ಜಗಳ ಶುರು.

ನಮ್ಮ ಮೊದಲ ಜಗಳ ಹಳದಿಯ ಬಗ್ಗೆ. ಈ ಸಿನಿಮಾದಲ್ಲಿ ಅಲ್ಲಲ್ಲಿ ವ್ಯಾನ್ ಗೋನ ನಿಜವಾದ ಪೇಂಟಿಂಗ್‌ಗಳು ಬರುತ್ತವೆ. ಸೂರ್ಯಕಾಂತಿ ಮಣ್ಣಿನ ಬಣ್ಣಕ್ಕಿದೆ ಅಂತ ಒಬ್ಬಳು ಬರೆದಳು. ಇಲ್ಲ, ಚಿನ್ನದ ಹಾಗಿದೆ ಅಂತ ಇನ್ನೊಬ್ಬ. ಆಮೇಲೆ ನೋಡಿದರೆ ಅವಳ ಲ್ಯಾಪ್‌ಟಾಪಿನಲ್ಲಿ ತೆರೆಯ ಬಣ್ಣ ಬದಲಿಸುವ ನೈಟ್ ಮೋಡ್ ಆನ್ ಆಗಿತ್ತು! ಎಲ್ಲರೂ ನಕ್ಕೆವು. ಆದರೆ ಅದನ್ನು ಆಫ್ ಮಾಡಿದ ಮೇಲೂ ವಾದ ಮುಗಿಯಲಿಲ್ಲ. ಯಾಕೆಂದರೆ ವ್ಯಾನ್ ಗೋ ಬಳಸಿದ ಕ್ರೋಮ್ ಹಳದಿ ಬೆಳಕಿಗೆ ಬಿದ್ದು ಕಂದು ಬಣ್ಣಕ್ಕೆ ತಿರುಗುತ್ತದೆ ಎಂದು ವಿಜ್ಞಾನಿಗಳೇ ತೋರಿಸಿದ್ದಾರೆ. ಮೂಲ ಚಿತ್ರವೇ ಬದಲಾಗುತ್ತಿದೆ. ಅದನ್ನು 1956ರ ಫಿಲ್ಮ್ ತನ್ನ ರೀತಿಯಲ್ಲಿ ಹಿಡಿದಿದೆ. ಮೇಲೆ ನಮ್ಮ ಒಬ್ಬೊಬ್ಬರ ತೆರೆ ಒಂದೊಂದು ಥರ. ಒಬ್ಬನೇ ಕೂತು ನೋಡಿದ್ದರೆ ನನ್ನ ಹಳದಿಯೇ ಹಳದಿ ಅಂದುಕೊಂಡು ಎದ್ದು ಹೋಗುತ್ತಿದ್ದೆ.

ಕೊನೆಯ ಭಾಗ ಬಂದಾಗ ವಿಷಯ ಇನ್ನೂ ಬಿಸಿಯಾಯಿತು. ಸಿನಿಮಾದಲ್ಲಿ ವ್ಯಾನ್ ಗೋ ಗೋಧಿ ಹೊಲದಲ್ಲಿ ನಿಂತು ಚಿತ್ರ ಬರೆಯುತ್ತಿರುತ್ತಾನೆ. ಕಾಗೆಗಳು ಮೇಲೆ ಎರಗುತ್ತವೆ. ಅವನು ಕ್ಯಾನ್ವಾಸಿನ ಮೇಲೆ ಕಪ್ಪು ಬಣ್ಣ ಬಳಿಯುತ್ತಾನೆ, ಒಂದು ಚೀಟಿ ಬರೆಯುತ್ತಾನೆ, ಗುಂಡಿನ ಸದ್ದು ಕೇಳುತ್ತದೆ. ನೋಡಿದವರಿಗೆ 'ಕಾಗೆಗಳಿರುವ ಗೋಧಿ ಹೊಲ' ಅವನ ಕೊನೆಯ ಚಿತ್ರ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದು ಹಾಗಲ್ಲ. ಆ ಚಿತ್ರ 1890ರ ಜುಲೈ ತಿಂಗಳದ್ದೇ ನಿಜ, ಆದರೆ ಅವನು ಗುಂಡು ಹಾರಿಸಿಕೊಂಡದ್ದು 27ಕ್ಕೆ, ತೀರಿಕೊಂಡದ್ದು 29ಕ್ಕೆ. ಕೊನೆಯದು 'ಮರದ ಬೇರುಗಳು' ಎಂಬ ಪೂರ್ತಿಯಾಗದ ಚಿತ್ರ ಎಂದು ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ಭಾವಿಸುತ್ತದೆ. ಅದನ್ನು ಬರೆದ ಜಾಗವನ್ನೂ 2020ರಲ್ಲಿ ಒಂದು ಹಳೇ ಪೋಸ್ಟ್‌ಕಾರ್ಡ್ ಹಿಡಿದು ಗುರುತಿಸಿದರು.

ಸಿನಿಮಾ ಓಡುತ್ತಿರುವಾಗಲೇ ಒಬ್ಬಾತ ಚಾಟ್‌ನಲ್ಲಿ 'ಮರದ ಬೇರುಗಳು' ಲಿಂಕ್ ಹಾಕಿದ. ಸಿನಿಮಾ ನಿಲ್ಲಿಸಿದೆವು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅಳತೆ ಹೆಚ್ಚುಕಡಿಮೆ ಒಂದೇ: ಸುಮಾರು 50 ಸೆಂ.ಮೀ. ಎತ್ತರ, ಒಂದು ಮೀಟರ್ ಅಗಲ. ಎತ್ತರಕ್ಕಿಂತ ಎರಡು ಪಟ್ಟು ಅಗಲ, ಅಂದರೆ ಸಿನೆಮಾಸ್ಕೋಪ್ ಎಂಬ ಅಗಲ ತೆರೆಗೆ ಹೆಚ್ಚುಕಡಿಮೆ ಹೊಂದುವ ಹಾಗೆ. ಬೇರುಗಳ ಚಿತ್ರವೂ ತೆರೆಗೆ ಅಷ್ಟೇ ಚೆನ್ನಾಗಿ ಕೂರುತ್ತಿತ್ತು. ಆದರೆ ಅದರಲ್ಲಿ ಕಾಗೆ ಇಲ್ಲ, ಕಪ್ಪಾದ ಆಕಾಶ ಇಲ್ಲ. ನೀಲಿ, ಹಸಿರು, ಕಂದು ಬೇರುಗಳ ಸಿಕ್ಕು, ಬಿಸಿಲು. ಸಾವಿಗೆ ಮುನ್ಸೂಚನೆ ಅಂತ ತೋರಿಸೋಕೆ ಅಲ್ಲಿ ಏನೂ ಸಿಗುವುದಿಲ್ಲ, ಅಲ್ವಾ? ಕಾಗೆ ಯಾಕೆ ಬಂತು ಅನ್ನುವುದು ನನಗೆ ಅರ್ಥವಾದದ್ದು ಹಾಗೆ ನಿಲ್ಲಿಸಿ ನೋಡಿದಾಗ.

ಇನ್ನೊಂದು ಮಾತೂ ಇದೆ. ಆ ದಿನಗಳಲ್ಲಿ ಬರೆದ ದೊಡ್ಡ ಗೋಧಿ ಹೊಲಗಳ ಚಿತ್ರಗಳ ಬಗ್ಗೆ ವ್ಯಾನ್ ಗೋ ತಮ್ಮ ಥಿಯೋಗೂ ಅವನ ಹೆಂಡತಿಗೂ ಪತ್ರ ಬರೆದಿದ್ದಾನೆ. ದುಃಖ, ತೀರಾ ಒಂಟಿತನ ತೋರಿಸಲು ನೋಡಿದೆ ಅನ್ನುತ್ತಾನೆ. ಅದೇ ಪತ್ರದಲ್ಲಿ, ಹಳ್ಳಿಗಾಡು ಮನುಷ್ಯನಿಗೆ ಕೊಡುವ ಆರೋಗ್ಯ, ಬಲ ಕೂಡ ಅವುಗಳಲ್ಲಿ ಕಾಣಬೇಕು ಅನ್ನುತ್ತಾನೆ. ಸಿನಿಮಾ ಮೊದಲರ್ಧ ಇಟ್ಟುಕೊಂಡಿದೆ, ಎರಡನೇ ಅರ್ಧ ಬಿಟ್ಟಿದೆ. ಇಷ್ಟಾದರೂ ಆ ದೃಶ್ಯ ಚೆನ್ನಾಗಿಲ್ಲ ಅಂತ ನಾನು ಹೇಳಲಾರೆ. ಡಗ್ಲಸ್ ಮುಖ ನೋಡಿದರೆ ಲಿಂಕು, ತಾರೀಕು ಎಲ್ಲ ಮರೆತುಹೋಗುತ್ತದೆ. ಅದಕ್ಕೇ ಪಕ್ಕದಲ್ಲಿ ಒಬ್ಬರು ನೆನಪಿಸುವವರು ಇರಲಿ ಅನ್ನೋದು.

ಥಿಯೋನ ಹೆಂಡತಿ ಯೋಹಾನಾ ವಿಷಯಕ್ಕೂ ಮಾತು ಬಂತು. ಸಿನಿಮಾದಲ್ಲಿ ಆಕೆ ಸುಮ್ನೆ ಬಂದು ಹೋಗುತ್ತಾಳೆ. ಥಿಯೋ ಅಣ್ಣನ ಹಿಂದೆಯೇ 1891ರ ಜನವರಿಯಲ್ಲಿ ತೀರಿಕೊಂಡ. ಕೈಗೂಸಿನ ಜೊತೆ ಉಳಿದ ಆಕೆಯೇ ಚಿತ್ರಗಳನ್ನು ಕಾಪಾಡಿ, ಪ್ರದರ್ಶನಗಳಿಗೆ ಕಳಿಸಿ, 1914ರಲ್ಲಿ ಪತ್ರಗಳನ್ನು ಪ್ರಕಟಿಸಿದಳು. ಸಿನಿಮಾ ಸಾವಿನೊಂದಿಗೆ ಮುಗಿಯುವುದರಿಂದ ಆಕೆಯ ಕೆಲಸಕ್ಕೆ ಜಾಗವೇ ಇಲ್ಲ.

ನೀವೂ ಹೀಗೆ ನೋಡುವುದಾದರೆ ಸ್ಕ್ರೀನ್ ಶೇರ್ ಬೇಡ. ಬಣ್ಣ ಕೆಡುತ್ತದೆ, ಎಷ್ಟೋ ಆ್ಯಪ್‌ಗಳಲ್ಲಿ ತೆರೆ ಕಪ್ಪಾಗುತ್ತದೆ. ಎಲ್ಲರೂ ತಮ್ಮ ತಮ್ಮ ಪ್ರತಿ ಇಟ್ಟುಕೊಂಡು, ಮೂರು ಎರಡು ಒಂದು ಅಂತ ಎಣಿಸಿ ಒಟ್ಟಿಗೆ ಶುರು ಮಾಡಿ. ಮೈಕ್ ಮ್ಯೂಟ್ ಇರಲಿ, ಮಾತು ಚಾಟ್‌ನಲ್ಲಿ. ಸಿನಿಮಾ ನಿಲ್ಲಿಸಿ ಅಂತ ಯಾರು ಕೇಳಿದರೂ ಎಲ್ಲರೂ ನಿಲ್ಲಿಸಬೇಕು.

ಮುಂದೆ ನೋಡಬೇಕಾದದ್ದು ಅದೇ 1956ರ 'ದಿ ಮಿಸ್ಟರಿ ಆಫ್ ಪಿಕಾಸೊ', ಕ್ಲೂಜೊ ನಿರ್ದೇಶನದ್ದು. ಅದರಲ್ಲಿ ಕಥೆಯೇ ಇಲ್ಲ. ಶಾಯಿ ಹಿಂಬದಿಗೆ ಇಳಿಯುವ ಹಾಳೆಯ ಮೇಲೆ ಪಿಕಾಸೊ ಬರೆಯುತ್ತಾ ಹೋಗುತ್ತಾನೆ, ಕ್ಯಾಮೆರಾ ಆ ಬದಿಯಿಂದ ಗೆರೆಗಳನ್ನು ಹಿಡಿಯುತ್ತದೆ. ಅದಕ್ಕೆ ಚಾಟ್ ಬೇಕೇ ಬೇಕು ಅಂತ ನಾನು, ಬೇಡವೇ ಬೇಡ ಅಂತ ನೈಟ್ ಮೋಡ್ ಗೆಳತಿ.