ಮೂರು ಲಕ್ಷ ಕಿಲೋಮೀಟರ್ ಓಡಿದ ಇನ್ನೋವಾಗೆ ಇಷ್ಟು ರೇಟ್ ಯಾಕೆ?

ನನಗೆ ಗಾಡಿಗಳ ಹುಚ್ಚು ಅಂತ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಕೇಳಿದ್ದಾರೆ. "ಹತ್ತು ವರ್ಷ ಹಳೇದು, ಮೂರು ಲಕ್ಷ ಓಡಿದೆ, ಸೀಟ್ ಕವರೆಲ್ಲ ಕಿತ್ತುಹೋಗಿದೆ. ಆ ದುಡ್ಡಿಗೆ ಷೋರೂಮಿನಿಂದ ಹೊಸ ಕಾರೇ ಬರುತ್ತೆ. ಇನ್ನೋವಾಗೆ ಮಾತ್ರ ಯಾಕೆ ಈ ರೇಟು? ಟೊಯೊಟಾದಲ್ಲಿ ಅಂಥದ್ದೇನಿದೆ?"

"ಟೊಯೊಟಾ ಕೆಡೋದೇ ಇಲ್ಲ" ಅಂತ ಹೇಳಿಬಿಡುವುದು ಸುಲಭ. ಆದರೆ ಅದು ಸುಳ್ಳು. ಕೆಡುತ್ತದೆ. ಏನು ಕೆಡುತ್ತದೆ, ಸುಮಾರು ಯಾವಾಗ ಕೆಡುತ್ತದೆ, ಸರಿಮಾಡಲು ಎಷ್ಟಾಗುತ್ತದೆ ಅನ್ನುವುದು ಮಾತ್ರ ಹಾವೇರಿಯ ಮೆಕ್ಯಾನಿಕ್‌ಗೂ ಗೊತ್ತು, ಪುತ್ತೂರಿನ ಮೆಕ್ಯಾನಿಕ್‌ಗೂ ಗೊತ್ತು. ನೀವು ಕೊಡುವ ಹೆಚ್ಚಿನ ದುಡ್ಡು ಅದಕ್ಕೆ. ಬೇರೆ ಕಡೆ ಓಡಿಸಿ, ಸವೆಸಿ ನೋಡಿದ್ದನ್ನೇ ನಿಮಗೆ ಮಾರುವ ಕಂಪನಿ ಅದು. ಒಳ್ಳೆಯದೋ ಕೆಟ್ಟದ್ದೋ, ಆ ಗುಣ ಹುಟ್ಟಿನಿಂದಲೇ ಬಂದಿದೆ.

ಟೊಯೊಟಾ ಶುರುವಾದದ್ದು ಮಗ್ಗದಿಂದ. ಸಾಕಿಚಿ ಟೊಯೊಡಾ 1867ರಲ್ಲಿ ಹುಟ್ಟಿದವರು, ಬಡಗಿಯ ಮಗ. ಅವರಿಗೆ ದೊಡ್ಡ ಹೆಸರು ತಂದದ್ದು 1924ರ ಜಿ ಮಾದರಿಯ ಸ್ವಯಂಚಾಲಿತ ಮಗ್ಗ. ಒಂದೇ ಒಂದು ನೂಲು ಹರಿದರೂ ಆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಹರಿದ ನೂಲಿನಲ್ಲೇ ಗಜಗಟ್ಟಲೆ ಬಟ್ಟೆ ನೇಯ್ದು ಆಮೇಲೆ ತಲೆ ಚಚ್ಚಿಕೊಳ್ಳುವ ಪ್ರಮೇಯವೇ ಇಲ್ಲ. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಇದರ ಪೇಟೆಂಟ್ ಹಕ್ಕಿಗೆ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು. ಆ ಕಾಲದಲ್ಲಿ ಮಗ್ಗ ಮಾರಿ ಸಿರಿವಂತರಾದ ಇಂಗ್ಲಿಷರೇ ಜಪಾನಿನ ಮಗ್ಗಕ್ಕೆ ದುಡ್ಡು ಕೊಟ್ಟರು ಅನ್ನುವುದು ಸಣ್ಣ ಮಾತಲ್ಲ.

ಮಗ ಕಿಚಿರೊಗೆ ಕಾರಿನ ಹುಚ್ಚು. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಒಂದು ಆಟೊಮೊಬೈಲ್ ವಿಭಾಗ ತೆರೆದರು. 1935ರಲ್ಲಿ ಜಿ1 ಟ್ರಕ್ ಬಂತು, 1936ರಲ್ಲಿ ಎಎ ಕಾರು, 1937ರಲ್ಲಿ ಟೊಯೊಟಾ ಮೋಟಾರ್ ಅನ್ನುವ ಬೇರೆ ಕಂಪನಿ. ಮೊದಲ ಎಂಜಿನ್ನಿಗೆ ಶೆವ್ರೊಲೆ ಎಂಜಿನ್ ಮಾದರಿಯಾಯಿತು, ಚಾಸಿಗೆ, ಅಂದರೆ ಗಾಡಿಯ ಅಡಿಕಟ್ಟಿಗೆ, ಫೋರ್ಡ್. ಎಎ ಕಾರಿನ ಮೈಕಟ್ಟು ನೋಡಿದರೆ ಕ್ರೈಸ್ಲರ್ ಏರ್‌ಫ್ಲೋ ನೆನಪಾಗುತ್ತದೆ. ಇದನ್ನು ಕಾಪಿ ಅಂತ ನಗುವವರಿದ್ದಾರೆ. ನನಗೆ ಅದರಲ್ಲಿ ಜಾಣತನ ಕಾಣುತ್ತದೆ. ಆಗ ಜಪಾನಿನ ರಸ್ತೆ ತುಂಬ ಇದ್ದದ್ದೇ ಫೋರ್ಡ್, ಶೆವ್ರೊಲೆ. ಅವುಗಳ ಸ್ಪೇರ್ ಪಾರ್ಟ್ಸ್ ಹೊಂದಿದರೆ ಗಿರಾಕಿ ಪರದಾಡಬೇಕಾಗಿಲ್ಲ ಅಲ್ವಾ?

ಅಷ್ಟಾದರೂ ಜಿ1 ಟ್ರಕ್ಕುಗಳು ಪದೇ ಪದೇ ಕೆಟ್ಟು ನಿಂತವು. ಯುದ್ಧ ಮುಗಿದ ಮೇಲೆ ಕಂಪನಿ ಮುಳುಗುವ ಹಂತಕ್ಕೆ ಬಂತು. 1950ರಲ್ಲಿ ಕೆಲಸಗಾರರನ್ನು ತೆಗೆಯಬೇಕಾಯಿತು, ಮುಷ್ಕರ ನಡೆಯಿತು, ಕಿಚಿರೊ ರಾಜೀನಾಮೆ ಕೊಟ್ಟರು. ಅದೇ ವರ್ಷ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆ ಟ್ರಕ್ಕಿಗೆ ಆರ್ಡರ್ ಕೊಟ್ಟಿತು. ಕಂಪನಿ ಉಳಿಯಿತು. ಕಿಚಿರೊ ಮಾತ್ರ 1952ರಲ್ಲಿ ತೀರಿಕೊಂಡರು. ಆಮೇಲೆ 1957ರಲ್ಲಿ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿದರು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದರ ಎಂಜಿನ್ ಸಾಲಲಿಲ್ಲ. ಕೆಲವೇ ವರ್ಷದಲ್ಲಿ ಮಾರಾಟ ನಿಲ್ಲಿಸಿ, ಲ್ಯಾಂಡ್ ಕ್ರೂಸರ್ ಒಂದನ್ನು ಹಿಡಿದುಕೊಂಡು ಅಲ್ಲಿ ಕಾಲೂರಬೇಕಾಯಿತು. 1966ರಲ್ಲಿ ಕೊರೊಲ್ಲಾ ಬಂದ ಮೇಲೆ ಕಥೆಯೇ ಬದಲಾಯಿತು. ಇವತ್ತಿಗೆ 5 ಕೋಟಿಗೂ ಜಾಸ್ತಿ ಕೊರೊಲ್ಲಾ ಮಾರಾಟವಾಗಿವೆ. ನೋಡಿದರೆ ಮೈ ಜುಮ್ಮೆನ್ನುವ ಕಾರೇನಲ್ಲ. ಅದೇ ಅದರ ಗುಟ್ಟು ಅಂತ ನನ್ನ ಲೆಕ್ಕ.

ನೂಲು ಹರಿದರೆ ಮಗ್ಗ ನಿಲ್ಲಿಸುವ ಬುದ್ಧಿ ಕಾರು ಜೋಡಿಸುವ ಲೈನಿಗೂ ಬಂತು. ಟೊಯೊಟಾ ಕಾರ್ಖಾನೆಯಲ್ಲಿ ಕೆಲಸಗಾರನ ಕೈಗೆಟುಕುವಂತೆ ಒಂದು ಹಗ್ಗವೋ ಗುಂಡಿಯೋ ಇರುತ್ತದೆ. ಬೋಲ್ಟ್ ಸರಿಯಾಗಿ ಕೂರಲಿಲ್ಲ ಅಂದರೆ ಎಳೆಯಬೇಕು, ಇಲ್ಲವೇ ಒತ್ತಬೇಕು. ಸೂಪರ್‌ವೈಸರ್ ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ತಪ್ಪು ಗಾಡಿಯ ಜೊತೆ ಮುಂದಕ್ಕೆ ಹೋಗಬಾರದು, ಅಷ್ಟೇ. ಬೇಕಾದ ಬಿಡಿಭಾಗ ಬೇಕಾದಾಗ ಮಾತ್ರ ಬರಬೇಕು ಅನ್ನುವ ಏರ್ಪಾಡನ್ನು ಕಟ್ಟಿದ ತೈಚಿ ಓನೊ ಕೂಡ ಮೊದಲು ಮಗ್ಗದ ಕಡೆ ಕೆಲಸ ಮಾಡಿದವರೇ.

ಈ ಮಗ್ಗದ ನಂಟು ಬೆಂಗಳೂರಿಗೂ ಇದೆ. ಟೊಯೊಟಾ ಗುಂಪಿನ ಜೊತೆ ಕಿರ್ಲೋಸ್ಕರ್‌ರವರು ಇಲ್ಲಿ ಮೊದಲು ಕೈಜೋಡಿಸಿದ್ದು ಕಾರಿಗಲ್ಲ, ಜವಳಿ ಯಂತ್ರಕ್ಕೆ. 1990ರ ದಶಕದಲ್ಲಿ ಜಿಗಣಿಯಲ್ಲಿ ಆ ಕಾರ್ಖಾನೆ ಬಂತು. ಕಾರಿನ ಕಂಪನಿ ಹುಟ್ಟಿದ್ದು ಆಮೇಲೆ, 1997ರಲ್ಲಿ. 1999ರ ಕೊನೆಗೆ ಬಿಡದಿಯ ಲೈನಿನಿಂದ ಕ್ವಾಲಿಸ್ ಹೊರಬರತೊಡಗಿತು.

ಕ್ವಾಲಿಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಂಡೋನೇಷ್ಯಾದಲ್ಲಿ 1977ರಿಂದ ಕಿಜಾಂಗ್ ಅನ್ನುವ ಗಾಡಿ ಇದೆ. ಹಳ್ಳಿ ರಸ್ತೆಗೆ, ದೊಡ್ಡ ಕುಟುಂಬಕ್ಕೆ, ಸಾಮಾನು ಸಾಗಣೆಗೆ ಅಂತ ಮಾಡಿದ್ದು. ಅದರ ಮೂರನೇ ತಲೆಮಾರಿಗೆ ಅಲ್ಪಸ್ವಲ್ಪ ತಿದ್ದಿ ನಮಗೆ ಕ್ವಾಲಿಸ್ ಅಂತ ಕೊಟ್ಟರು. ಅಷ್ಟೊತ್ತಿಗೆ ಅಲ್ಲಿ ಹೊಸ ಮಾದರಿ ಬಂದಾಗಿತ್ತು! ಡಬ್ಬಿಯಂಥ ಆಕಾರ, ಹಳೆ ಕಾಲದ ಡೀಸೆಲ್ ಎಂಜಿನ್. ಗಾಡಿ ಬಲ್ಲವರು ಮೂಗು ಮುರಿದರು. ಡ್ರೈವರುಗಳು ಮುರಿಯಲಿಲ್ಲ. ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ತಲೆಯೆತ್ತಿದ ಕಾಲ ಅದು. ರಾತ್ರಿ ಪಾಳಿಯವರನ್ನು ಮನೆಮನೆಯಿಂದ ಹತ್ತಿಸಿ, ಬೆಳಿಗ್ಗೆ ಮತ್ತೆ ಮನೆಮನೆಗೆ ಬಿಡುವ ಕೆಲಸಕ್ಕೆ ಎಲ್ಲಿ ನೋಡಿದರೂ ಕ್ವಾಲಿಸ್. ಒಬ್ಬ ಡ್ರೈವರ್ ಇಳಿದರೆ ಇನ್ನೊಬ್ಬ ಹತ್ತುತ್ತಿದ್ದ, ಎಂಜಿನ್ ತಣ್ಣಗಾಗಲು ಪುರುಸೊತ್ತು ಸಿಗುತ್ತಿರಲಿಲ್ಲ. ಆ ಗಾಡಿಯ ಹೆಸರು ಗಟ್ಟಿಯಾದದ್ದು ಜಾಹೀರಾತಿನಿಂದಲ್ಲ, ಆ ರಾತ್ರಿ ಪಾಳಿಯಿಂದ.

ಅಂಥ ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಹುಚ್ಚುತನ ಅಂದವರೇ ಜಾಸ್ತಿ. ಇನ್ನೋವಾ ಅದಕ್ಕಿಂತ ದುಬಾರಿ. ಆದರೂ ಗೆದ್ದಿತು. ಅದರದ್ದೇ ಹೊಸ ತಲೆಮಾರುಗಳಾಗಿ 2016ರಲ್ಲಿ ಕ್ರಿಸ್ಟಾ, 2022ರ ಕೊನೆಗೆ ಹೈಕ್ರಾಸ್ ಬಂದವು. ಹೈಕ್ರಾಸ್‌ನ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಏರ್ಪಾಡು) ನೋಡಿ "ಟೊಯೊಟಾ ಹೊಸತನಕ್ಕೆ ಕೈ ಹಾಕಿತು" ಅಂದವರಿಗೆ ನಾನು ಹೇಳುವುದು ಇಷ್ಟೇ: ಜಪಾನಿನಲ್ಲಿ ಟೊಯೊಟಾದ್ದೇ ಹೈಬ್ರಿಡ್ ಕಾರು ಪ್ರಿಯಸ್ ಬಂದದ್ದು 1997ರಲ್ಲಿ. ಅದರ ಹೈಬ್ರಿಡ್ ತಂತ್ರ ನಮ್ಮ ಇನ್ನೋವಾಗೆ ಬರುವ ಹೊತ್ತಿಗೆ ಕಾಲು ಶತಮಾನ ಹಳೆಯದಾಗಿತ್ತು.

ಇನ್ನು ಗಾಡಿ ಇಟ್ಟುಕೊಂಡವರು ಏನನ್ನುತ್ತಾರೆ? ಎರಡು ಪಂಗಡ.

ಯೆಲ್ಲೋ ಬೋರ್ಡಿನವರನ್ನು ಕೇಳಿ. ಅವರಿಗೆ ಗಾಡಿ ಅಂದರೆ ದಿನಗೂಲಿ. ತಿರುಪತಿ ಟ್ರಿಪ್ ಮುಗಿಸಿ ಬಂದವರು ಗಾಡಿ ತೊಳೆದು ಅದೇ ಸಂಜೆ ಧರ್ಮಸ್ಥಳಕ್ಕೆ ಹೊರಡುತ್ತಾರೆ. ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ಕೂತರೆ ಬಾಡಿಗೆ ಹೋಯಿತು, ಕಂತು ಮಾತ್ರ ನಿಲ್ಲುವುದಿಲ್ಲ. ಅವರು ಮೈಲೇಜನ್ನು ಹೊಗಳುವುದಿಲ್ಲ. ಬ್ರೇಕ್ ಪ್ಯಾಡ್, ಮುಂದಿನ ಆರ್ಮ್ ಬುಷ್, ಕ್ಲಚ್ ಎಲ್ಲ ಬದಲಿಸಬೇಕು ಅಂತ ಅವರೇ ಹೇಳುತ್ತಾರೆ. ಇಂಜೆಕ್ಟರ್ ಹೋದರೆ ಬಿಲ್ ನೋಡಿ ಕಣ್ಣು ಕತ್ತಲೆ ಬರುತ್ತದೆ ಅಂತಲೂ ಹೇಳುತ್ತಾರೆ. "ಆದ್ರೆ ದಾರೀಲಿ ಕೈ ಕೊಡಲ್ಲ ಸಾರ್" ಅನ್ನುವ ಮಾತಿಗೆ ಎಲ್ಲರೂ ಬಂದು ನಿಲ್ಲುತ್ತಾರೆ. ಅವರು ಇನ್ನೊಂದು ಮಾತೂ ಹೇಳುತ್ತಾರೆ: ಎಸಿ. ಮಧ್ಯದ ಸಾಲಿಗೂ ಹಿಂದಿನ ಸಾಲಿಗೂ ಮೇಲಿನಿಂದ ಗಾಳಿ ಬರುತ್ತದಲ್ಲ, ರಾಯಚೂರಿನ ಮೇ ತಿಂಗಳಲ್ಲಿ ಅದರ ಮುಂದೆ ಯಾವ ಟಚ್ ಸ್ಕ್ರೀನೂ ಲೆಕ್ಕಕ್ಕಿಲ್ಲ.

ಸ್ವಂತಕ್ಕೆ ಇಟ್ಟುಕೊಂಡವರ ದೂರುಗಳೇ ಬೇರೆ. ಇಷ್ಟು ದುಡ್ಡಿಗೆ ಪ್ಲಾಸ್ಟಿಕ್ ಇಷ್ಟು ಸಾದಾನಾ? ಬೇರೆ ಕಂಪನಿ ಅರ್ಧ ದುಡ್ಡಿಗೆ ಸನ್‌ರೂಫ್ ಕೊಡುತ್ತಿತ್ತು! ಕ್ರಿಸ್ಟಾದ ಕ್ಲಚ್ ಸಿಟಿ ಟ್ರಾಫಿಕ್ಕಿನಲ್ಲಿ ಕಾಲು ನೋಯಿಸುತ್ತದೆ. ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿ ಆದ್ದರಿಂದ ತಿರುವಿನಲ್ಲಿ ವಾಲುತ್ತದೆ. ಚಾರ್ಮಾಡಿಯಲ್ಲಿ ಹಿಂದಿನ ಸಾಲಿನ ಮಕ್ಕಳಿಗೆ ವಾಂತಿ ಖಾತ್ರಿ, ನಿಂಬೆಹಣ್ಣು ಮರೆಯದೆ ಒಯ್ಯಿರಿ. ಹೈಕ್ರಾಸ್ ಈ ವಿಷಯದಲ್ಲಿ ಎಷ್ಟೋ ಮೇಲು, ಅದರಲ್ಲಿ ಬೇರೆ ಚಾಸಿ ಇಲ್ಲ, ಕಾರಿನಂತೆಯೇ ಕಟ್ಟಿದ್ದಾರೆ. ಆದರೆ ಡೀಸೆಲ್ ಇಲ್ಲ, ಎಂಜಿನ್ನಿನ ಎಳೆತ ಮುಂದಿನ ಚಕ್ರಕ್ಕೆ, ಕ್ರಿಸ್ಟಾದಂತೆ ಹಿಂದಿನದಕ್ಕಲ್ಲ. ತುಂಬಿದ ಗಾಡಿಯಲ್ಲಿ ಕೆಸರು ದಿಬ್ಬ ಹತ್ತುವ ಮಲೆನಾಡಿನವರು ಇನ್ನೂ ಕ್ರಿಸ್ಟಾ ಬಿಡುತ್ತಿಲ್ಲ. ಹೈಕ್ರಾಸ್ ಬಂದ ಮೇಲೂ ಕಂಪನಿ ಡೀಸೆಲ್ ಮ್ಯಾನುಯಲ್ ಕ್ರಿಸ್ಟಾವನ್ನು 2023ರಲ್ಲಿ ಮತ್ತೆ ತಂದದ್ದು ಸುಮ್ನೆ ಅಲ್ಲ.

ಟೊಯೊಟಾದ ಸಣ್ಣ ಕಾರು ಎಟಿಯೋಸ್ ಇಟ್ಟುಕೊಂಡವರದು ಇನ್ನೂ ವಿಚಿತ್ರ. 2010ರಲ್ಲಿ ಬಂದಾಗ ಮೀಟರ್ ಡ್ಯಾಷ್‌ಬೋರ್ಡಿನ ನಡುವಿನಲ್ಲಿತ್ತು, ಒಳಗೆಲ್ಲ ಬರೀ ಬೋಳು. ಟ್ಯಾಕ್ಸಿ ಕಾರು ಅಂತ ಮನೆಯವರು ಮೂದಲಿಸುತ್ತಿದ್ದರು. 2020ರಲ್ಲಿ ನಿಲ್ಲಿಸಿದ ಮೇಲೆ ಈಗ ಅದೇ ಮಂದಿ ಮಾರಲು ಒಪ್ಪುವುದಿಲ್ಲ.

ಹಾಗಂತ ಈ ಹೆಸರಿನ ಮುಂದೆ ಕಣ್ಣುಮುಚ್ಚಿ ಕೈಮುಗಿಯಬೇಡಿ. 2009-10ರಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಳ್ಳುವ ತೊಂದರೆಗೆ ಟೊಯೊಟಾ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಕಿಚಿರೊ ಅವರ ಮೊಮ್ಮಗ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತು ಕ್ಷಮೆ ಕೇಳಿದರು. ವಿಷಯ ಮುಚ್ಚಿಟ್ಟದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ಕಟ್ಟಿದರು. 2024ರ ಜನವರಿಯಲ್ಲಿ ಡೀಸೆಲ್ ಎಂಜಿನ್ನಿನ ಅಶ್ವಶಕ್ತಿ ಪರೀಕ್ಷೆಯಲ್ಲಿ ಅಕ್ರಮ ಆಗಿದೆ ಅಂತ ಗೊತ್ತಾದಾಗ ಇಲ್ಲಿ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ರವಾನೆಯನ್ನು ಕೆಲ ದಿನ ತಡೆದರು. ಎಂಜಿನ್ ಮಾಡುವ ಆ ಟೊಯೊಟಾ ಇಂಡಸ್ಟ್ರೀಸ್ ಬೇರೆ ಯಾವುದೂ ಅಲ್ಲ, ಸಾಕಿಚಿ ಅವರ ಅದೇ ಮಗ್ಗದ ಕಂಪನಿ. ಬಿಡದಿಯಲ್ಲೂ 2020ರ ನವೆಂಬರಿನಿಂದ ತಿಂಗಳುಗಟ್ಟಲೆ ಬೀಗಮುದ್ರೆ, ಮುಷ್ಕರ ನಡೆದದ್ದು ನೆನಪಿರಬಹುದು. ಕೆಲಸದ ಒತ್ತಡ ತಡೆಯಲಾಗುತ್ತಿಲ್ಲ ಅನ್ನುವುದು ಕಾರ್ಮಿಕರ ದೂರಾಗಿತ್ತು. ಗಾಡಿಯನ್ನು ಹೊಗಳುವಾಗ ಇದನ್ನು ಬಿಟ್ಟು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಗೊಂದಲ. ಗ್ಲಾನ್ಜಾ ಕೂಡ ಟೊಯೊಟಾ ತಾನೆ, ಅದೂ ಇನ್ನೋವಾದಷ್ಟೇ ಬಾಳುತ್ತಾ ಅಂತ ಕೇಳುತ್ತಾರೆ. ಗ್ಲಾನ್ಜಾ ಅಂದರೆ ಸುಜುಕಿ ಬಲೆನೊ, ರೂಮಿಯಾನ್ ಅಂದರೆ ಎರ್ಟಿಗಾ. ಒಳ್ಳೆಯ ಕಾರುಗಳೇ. ಆದರೆ ಕಿಜಾಂಗ್ ವಂಶ ಅಲ್ಲ. ಅಲ್ಲಿ ವಾರಂಟಿ, ಸರ್ವಿಸ್ ನೋಡಿ ಆರಿಸಿ, ಲೋಗೋ ನೋಡಿ ಅಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮೂರು ಲಕ್ಷ ಓಡಿದ ಇನ್ನೋವಾ ತಗೊಳ್ಳಬಹುದಾ? ಮನೆಯಲ್ಲಿ ನಾಲ್ಕೇ ಜನ, ಓಡಾಟ ಊರೊಳಗೆ ಮಾತ್ರ ಅಂದರೆ ಬೇಡ. ಆ ದುಡ್ಡಿಗೆ ಹೊಸ ಸಣ್ಣ ಕಾರು ತಗೊಳ್ಳಿ. ಏಳು ಜನ, ವರ್ಷಕ್ಕೆ ನಾಲ್ಕಾರು ದೊಡ್ಡ ಪ್ರಯಾಣ, ಊರಿನ ದಾರಿ ಕೆಟ್ಟದ್ದು ಅಂದರೆ ತಗೊಳ್ಳಿ.

ಮೀಟರನ್ನು ಮಾತ್ರ ನಂಬಬೇಡಿ. ಒಂದೂವರೆ ಲಕ್ಷ ಅಂತ ತೋರಿಸುವ ಗಾಡಿಯಲ್ಲಿ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ, ಸ್ಟೀರಿಂಗ್ ಮಿರಮಿರ ಹೊಳೆಯುತ್ತಿದ್ದರೆ ಕಥೆ ಬೇರೆ ಇದೆ. ಆರ್‌ಸಿಯಲ್ಲಿ ಮೊದಲು ಯೆಲ್ಲೋ ಬೋರ್ಡ್ ಆಗಿತ್ತಾ ನೋಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ ಸರ್ವಿಸ್‌ಗಳ ದಾಖಲೆ ಕೇಳಿ, ಪ್ರತಿ ಸಲ ಎಷ್ಟು ಕಿಲೋಮೀಟರ್ ಆಗಿತ್ತು ಅನ್ನುವುದು ಅದರಲ್ಲಿ ಇರುತ್ತದೆ.

ಕ್ರಿಸ್ಟಾಗಿಂತ ಮುಂಚಿನ ಡೀಸೆಲ್ ಗಾಡಿ ಆದರೆ ಇನ್ನೊಂದು. ಅದರ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ, ಅಂದರೆ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಪಟ್ಟಿ. ಕ್ರಿಸ್ಟಾದಲ್ಲಿ ಚೈನ್. ಬೆಲ್ಟ್ ಬದಲಿಸುವ ಹೊತ್ತಾದಾಗ ಮೀಟರಿನಲ್ಲಿ ಟಿ-ಬೆಲ್ಟ್ ಅಂತ ದೀಪ ಹತ್ತುತ್ತದೆ. ಬೆಲ್ಟ್ ಮುಟ್ಟದೆಯೇ, ಮೀಟರಿನ ಬಟನ್ ಒತ್ತಿ ಆ ದೀಪ ಆರಿಸಲು ಬರುತ್ತದೆ. ಬೆಲ್ಟ್ ಓಡುವಾಗ ತುಂಡಾದರೆ ಎಂಜಿನ್ ತಲೆಯೇ ಬಿಚ್ಚಬೇಕಾಗುತ್ತದೆ. ಹಾಗಾಗಿ ದೀಪ ಉರಿಯುತ್ತಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ, ಬೆಲ್ಟ್ ಹಾಕಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಹಾಕಿಸಿಲ್ಲ ಅಂತಲೇ ಲೆಕ್ಕ. ಬೆಲ್ಟು, ಟೆನ್ಷನರ್, ಲೇಬರ್ ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ನಿಮ್ಮ ಮೆಕ್ಯಾನಿಕ್‌ಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿ, ಅಷ್ಟನ್ನು ರೇಟಿನಲ್ಲಿ ಮುರಿದುಕೊಂಡು ಮಾತಾಡಿ.