ಇದು ಯಾರ ಕೈ?

ಮ್ಯಾಗಝೀನಿಗೆ ಏನಾದ್ರೂ ಬರೆದುಕೊಡಿ ಅಂತ ಈಗಿನ ಹೆಡ್‌ಮೇಡಂ ಫೋನ್ ಮಾಡಿದಾಗ "ನೋಡೋಣ ಮೇಡಂ, ಟೈಮ್ ಸಿಕ್ರೆ" ಅಂದಿದ್ದೆ. ಟೈಮ್ ಏನೋ ಇತ್ತು, ಬರೆಯೋಕೆ ವಿಷ್ಯ ಇರಲಿಲ್ಲ. ಅದಾಗಿ ಹದಿನೈದು ದಿನಕ್ಕೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ, ದಿನಾ ಬೆಳಿಗ್ಗೆ ಶುಭೋದಯದ ಹೂವು ಬರೋ ಅದೇ ಗ್ರೂಪಲ್ಲಿ, ಕ್ರಾಫ್ಟ್ ಮೇಷ್ಟ್ರು ಹೋದ್ರಂತೆ ಅಂತ ಮೆಸೇಜ್ ಬಂತು. ಕೆಳಗೆ ಸಾಲಾಗಿ ಎಲ್ರೂ ಕೈ ಮುಗಿಯೋ ಚಿತ್ರ ಹಾಕಿದ್ರು. ನಾನೂ ಹಾಕಿದೆ. ಹಾಕಿದ ಮೇಲೆ ಯಾಕೋ ಆ ಕೈಗಳನ್ನೇ ನೋಡ್ತಾ ಕೂತೆ, ಯಾಕಂದ್ರೆ ಆ ಮೇಷ್ಟ್ರು ಅಂದ್ರೆ ನಂಗೆ ಮೊದಲು ನೆನಪಾಗೋದೇ ಕೈ.

ನಮ್ಮದು 1994ರ ಎಸ್ಸೆಲ್ಸಿ ಬ್ಯಾಚು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ಬಸ್ಸಲ್ಲಿ ಇಳಿದು ಗದ್ದೆ ಅಂಚಲ್ಲಿ ಒಂದೂವರೆ ಮೈಲಿ ನಡೆದು ಬರ್ತಿದ್ದೆ, ಜೂನಿಂದ ಸೆಪ್ಟೆಂಬರ್ ತನಕ ಯೂನಿಫಾರ್ಮ್ ಒಣಗಿದ್ದೇ ನೆನಪಿಲ್ಲ. ಆಗುಂಬೇಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಆಗತ್ತೆ ಅಂತ ಸಮಾಜದ ಮೇಷ್ಟ್ರು ಬರೆಸಿದ್ದು ಮಾತ್ರ ನೆನಪಿದೆ, ಅದೂ ಅಂಗಿ ಹಿಂಡ್ತಾ ಬರ್ಕೊಂಡಿದ್ದಕ್ಕೆ. ಮಿಕ್ಕಿದ್ದು ಆ ವರ್ಷ ಏನೇನು ಪಾಠ ಆಯ್ತು ಅಂತ ಕೇಳಿದ್ರೆ ಸತ್ಯವಾಗ್ಲೂ ಹೇಳಕ್ಕೆ ಬರಲ್ಲ.

ಟೈಮ್‌ಟೇಬಲ್ಲಲ್ಲಿ 'ಕಾರ್ಯಾನುಭವ' ಅಂತ ಒಂದು ಪೀರಿಯಡ್ ಇರ್ತಿತ್ತು. ಬೇರೆ ಶಾಲೆಗಳಲ್ಲಿ ಅದು ಗಣಿತದವರೋ ಇಂಗ್ಲಿಷ್‌ನವರೋ ಪೋರ್ಷನ್ ಮುಗಿಸೋಕೆ ಕಿತ್ಕೊಳ್ಳೋ ಪೀರಿಯಡ್, ಇಲ್ಲಾ ಅಂದ್ರೆ ಮಕ್ಕಳ ಕೈಲಿ ಗ್ರೌಂಡ್ ಹುಲ್ಲು ಕೀಳಿಸೋ ಪೀರಿಯಡ್. ನಮ್ಮಲ್ಲಿ ಆ ಮಾತೇ ಇಲ್ಲ. ಒಂದ್ಸಲ ಗಣಿತದ ಮೇಷ್ಟ್ರು ಕೇಳೋಕೆ ಬಂದಾಗ ನಮ್ಮ ಕ್ರಾಫ್ಟ್ ಮೇಷ್ಟ್ರು ಕೈಲಿದ್ದ ಕೊಡತಿ ಕೆಳಗಿಡದೇ "ಆಯ್ತು ಸಾರ್, ನೀವು ನಂಗೆ ಎರಡು ಪೀರಿಯಡ್ ಕೊಡಿ, ನಾನು ನಿಮ್ಗೆ ಒಂದು ಕೊಡ್ತೀನಿ" ಅಂದ್ರು. ಆಮೇಲೆ ಯಾರೂ ಆ ಕಡೆ ಬರಲಿಲ್ಲ.

ಕ್ರಾಫ್ಟ್ ರೂಮು ಅಂದ್ರೆ ಶಾಲೆ ಹಿಂದಿನ ಹಂಚಿನ ಮಾಡು. ಉಳಿ, ಗರಗಸ, ಕೀಸುಳಿ, ಬೈರಿಗೆ, ಒಂದು ಹಳೇ ಮೂಲಮಟ್ಟ, ಫೆವಿಕಾಲ್ ಡಬ್ಬ, ಹಲಸಿನ ಹಲಗೆ ವಾಸನೆ. ಮೇಷ್ಟ್ರು ಸಣ್ಣವರಿದ್ದಾಗ ಸಾಗರದಲ್ಲಿ ಗುಡಿಗಾರರ ಮನೆ ಜಗುಲೀಲಿ ಕೂತು ಅವರು ಗಂಧದ ಕೆತ್ತನೆ ಮಾಡೋದನ್ನ ನೋಡ್ತಾ ನೋಡ್ತಾ ಕೆಲಸ ಕಲ್ತಿದ್ರಂತೆ. ಆದ್ರೆ ನಮಗೆ ಒಂದು ಹೂವಿನ ಎಸಳು ಕೆತ್ತಕ್ಕೂ ಬಿಡ್ತಿರಲಿಲ್ಲ. "ಕೆತ್ತನೆ ಆಮೇಲೆ, ಮೊದ್ಲು ಮಣೆ ಅಲ್ಲಾಡದೇ ಕೂರಲಿ" ಅನ್ನೋರು. ಮೊಳೆ ಹೊಡೆಯಂಗಿಲ್ಲ, ಎಲ್ಲ ಬೆಣೆ ಮೇಲೇ ನಿಲ್ಲಬೇಕು.

ಹತ್ತನೇ ಕ್ಲಾಸಿನವರಿಗೆ ಅವರ ಕಡೆಯಿಂದ ಒಂದು ಪ್ರಾಜೆಕ್ಟ್. ಏನು ಮಾಡಬೇಕು ಅಂತ ಅವರು ಹೇಳಲ್ಲ. ಮನೇಲೋ ತೋಟದಲ್ಲೋ ಯಾರಿಗಾದ್ರೂ ದಿನಾ ತೊಂದ್ರೆ ಕೊಡೋದು ಏನಿದೆ ಹುಡುಕ್ಕೊಂಡು ಬಾ, ಅದಕ್ಕೆ ಒಂದು ವಸ್ತು ನೀನೇ ಯೋಚ್ನೆ ಮಾಡಿ ಚಿತ್ರ ಬಿಡ್ಸಿ ನೀನೇ ಮಾಡು, ಮಾಡಿದ್ದನ್ನ ಅವರ ಕೈಗೆ ಕೊಟ್ಟು ಅವರು ಏನಂದ್ರು ಬರ್ಕೊಂಡು ಬಾ, ಮತ್ತೆ ಮಾಡು. ಅಷ್ಟೇ ರೂಲ್ಸು. ಆದ್ರೆ ಪ್ರಾಜೆಕ್ಟ್ ಬುಕ್ಕಿನ ಮೊದಲ ಪುಟದಲ್ಲಿ ಆ ವಸ್ತು ಯಾರಿಗೋ ಅವರ ಅಂಗೈ ಇಟ್ಟು ಸುತ್ತ ಪೆನ್ಸಿಲಲ್ಲಿ ಗೆರೆ ಎಳ್ಕೊಂಡು ಬರಬೇಕು. ಅಮ್ಮಂದಾದ್ರೆ ಅಮ್ಮನ ಕೈ, ಅಜ್ಜಂದಾದ್ರೆ ಅಜ್ಜನ ಕೈ. ಹಿಡಿಕೆ ಎಷ್ಟು ದಪ್ಪ ಇರಬೇಕು ಅನ್ನೋದು ಆ ಕೈ ಹೇಳತ್ತೆ, ಸ್ಕೇಲು ಹೇಳಲ್ಲ ಅಂತ ಅವರ ವಾದ.

ನಾನು ಏನು ಮಾಡಿದೆ ಅಂದ್ರೆ, ಭಾನುವಾರ ಸಂಜೆ ನೆನಪಾಗಿ ನನ್ನ ಕೈಯನ್ನೇ ಇಟ್ಟು ಗೆರೆ ಎಳ್ದೆ. ಮೇಷ್ಟ್ರು ಪುಟ ತೆಗೆದು ನೋಡಿದ್ರು, ನನ್ನ ಕೈ ನೋಡಿದ್ರು, ಕೆಂಪು ಇಂಕಲ್ಲಿ 'ಇದು ಯಾರ ಕೈ?' ಅಂತ ಬರೆದು ವಾಪಸ್ ಕೊಟ್ರು. ಬೈಲಿಲ್ಲ. ಬೈದಿದ್ರೆ ಮರ್ತು ಹೋಗ್ತಿತ್ತು ಅನ್ಸತ್ತೆ.

ನಮ್ಮ ಪ್ರಾಜೆಕ್ಟು ಉಂಬಳದ್ದು, ಅಂದ್ರೆ ನೆಲದ ಮೇಲಿರೋ ಜಿಗಣೆದು. ಮಲೆನಾಡಿನೋರಿಗೆ ಬಿಡ್ಸಿ ಹೇಳೋದೇನೂ ಬೇಡ, ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದ್ರೆ ಕಾಲಿಗೆ ಎಷ್ಟು ಹತ್ತಿವೆ ಅಂತ ಎಣಿಸೋದೇ ಒಂದು ಕೆಲಸ. ಒದ್ದೆ ತರಗೆಲೆ ಮೇಲೆ ಎದ್ದು ನಿಂತು ತಲೆ ಆಡಿಸ್ತಾ ಕಾಯ್ತಿರ್ತವೆ, ನಮ್ಮ ಹೆಜ್ಜೆ ಅದುರಿದ್ದು ಉಸಿರು ಬಿಟ್ಟಿದ್ದು ಎಲ್ಲ ಅವಕ್ಕೆ ಗೊತ್ತಾಗತ್ತೆ. ಕಚ್ಚಿದ್ದು ನಮಗೆ ಗೊತ್ತಾಗಲ್ಲ, ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇರೋದ್ರಿಂದ ಉದುರಿ ಹೋದ್ಮೇಲೂ ಸೋರ್ತಾನೇ ಇರತ್ತೆ. ಹಳಬರು ಕೋಲಿನ ತುದಿಗೆ ಬಟ್ಟೆ ಗಂಟು ಕಟ್ಟಿ ಉಪ್ಪೋ ಹೊಗೆಸೊಪ್ಪೋ ಇಟ್ಕೊಂಡು ಮುಟ್ಟಿಸ್ತಿದ್ರು. ಆದ್ರೆ ಮಳೇಲಿ ಆ ಗಂಟು ತೊಳೆದು ಹೋಗತ್ತೆ. ಹಾಗಾಗಿ ನಾವು ಮೂರು ಜನ ಸೇರಿ ವಾಟೆ ಅನ್ನೋ ಸಣ್ಣ ಬಿದಿರಿನ ಕೊಳವೆಯೊಳಗೆ ಉಪ್ಪು ತುಂಬಿ, ಒಂದು ಕಡೆ ಅದರದ್ದೇ ಗಂಟು, ಇನ್ನೊಂದು ಕಡೆ ಮರದ ಬಿರಡೆ ಹಾಕಿ, ಅದನ್ನ ಕೋಲಿನ ತುದಿಗೆ ಕಟ್ಟಿ 'ಆಧುನಿಕ ಉಂಬಳ ನಿವಾರಕ ದಂಡ' ಅಂತ ಹೆಸರಿಟ್ವಿ. ಹೆಸರು ನಂದೇ ಐಡಿಯಾ.

ಪರೀಕ್ಷೆ ಮಾಡೋಕೆ ಉಂಬಳ ಬೇಕಲ್ಲ. ಹಾರ್ಲಿಕ್ಸ್ ಬಾಟ್ಲಿ ತಗೊಂಡು ಹೋಗಿ ಇಪ್ಪತ್ತೊಂದು ಹಿಡ್ಕೊಂಡು ಬಂದ್ವಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಕ್ರಾಫ್ಟ್ ರೂಮಿನ ಬೆಂಚಿನ ಕೆಳಗಿಟ್ವಿ. ಬಟ್ಟೆ ಕಟ್ಟಿದ್ದು ನಾನಲ್ಲ, ಅದನ್ನ ಇಲ್ಲಿ ದಾಖಲು ಮಾಡಲೇಬೇಕು, ಕಟ್ಟಿದ ಮಹಾನುಭಾವ ಈಗ ಹುಬ್ಬಳ್ಳೀಲಿ ಬ್ಯಾಂಕ್ ಮ್ಯಾನೇಜರ್ರು. ಅವತ್ತೇ ಶಿವಮೊಗ್ಗದಿಂದ ಇನ್‌ಸ್ಪೆಕ್ಷನ್ನಿಗೆ ಸಾಹೇಬ್ರೊಬ್ರು ಬಂದ್ರು. ಹೊರಗೆ ಜುಲೈ ಮಳೆ, ಸಾಹೇಬ್ರು ಒದ್ದೆ ಶೂ ಬಿಚ್ಚಿ ಬಿಳೀ ಸಾಕ್ಸಲ್ಲೇ ಬಂದು ನಮ್ಮ ಬೆಂಚಿನ ಮೇಲೆ ಕೂತು ಒಂದೊಂದೇ ಪ್ರಾಜೆಕ್ಟ್ ಬುಕ್ ತಿರುವಿ ಹಾಕ್ತಾ "ಒಳ್ಳೇದು, ಒಳ್ಳೇದು" ಅಂತಿದ್ರು. ನಾನು ಕೆಳಗೆ ನೋಡ್ತೀನಿ, ಬಾಟ್ಲಿ ಇದೆ, ಬಟ್ಟೆ ಪಕ್ಕದಲ್ಲಿ ಬಿದ್ದಿದೆ, ಒಳಗೆ ಒಂದೂ ಇಲ್ಲ.

ಸ್ವಲ್ಪ ಹೊತ್ತಿಗೆ ಬಿಳೀ ಸಾಕ್ಸಲ್ಲಿ ಕೆಂಪು ಬೊಟ್ಟು. ಬೊಟ್ಟು ದೊಡ್ಡದಾಯ್ತು. ಸಾಹೇಬ್ರು ಬಯಲುಸೀಮೆ ಕಡೆಯವರು, ಕಾಲು ನೋಡ್ಕೊಂಡು ಎದ್ದು ನಿಂತ ರಭಸಕ್ಕೆ ಬೆಂಚೇ ಮಗುಚ್ತು. ನಮ್ಮ ಮೇಷ್ಟ್ರು ಒಂಚೂರೂ ಗಾಬರಿ ಆಗದೇ ನಮ್ಮ ಕಡೆ ತಿರುಗಿ "ಎಲ್ರೋ ನಿಮ್ಮ ದಂಡ? ತನ್ನಿ" ಅಂದ್ರು. ಎದೆ ಉಬ್ಬಿಸ್ಕೊಂಡು ತಂದೆ. ಬಿರಡೆ ತಿರುಗಿಸಿದೆ, ಬರಲ್ಲ. ಜಗ್ಗಿದೆ, ಬರಲ್ಲ. ಮಳೆಗೆ ಮರ ಉಬ್ಬಿ ಕಚ್ಕೊಂಡು ಬಿಟ್ಟಿದೆ! ಕೊನೆಗೆ ಕೊಳವೆಯನ್ನೇ ಕಲ್ಲಿಗೆ ಕುಟ್ಟಿ ಒಡೆದ್ರೆ ಒಳಗೆ ಉಪ್ಪಿಲ್ಲ, ಒಂದು ಚಮಚ ಉಪ್ಪುನೀರು. ಅಷ್ಟೊತ್ತಿಗೆ ನಮ್ಮ ಜವಾನರು ಸೊಂಟದ ಎಲೆಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಬೆರಳ ತುದೀಲಿ ಒಂಚೂರು ಮುಟ್ಟಿಸಿದ್ರು, ಉಂಬಳ ಪಟ್ಟಂತ ಉದುರ್ತು. ಸಾಹೇಬ್ರು ವಿಸಿಟರ್ಸ್ ಬುಕ್ಕಲ್ಲಿ 'ವಿದ್ಯಾರ್ಥಿಗಳು ಕ್ರಿಯಾಶೀಲರಾಗಿದ್ದಾರೆ' ಅಂತ ಬರೆದು ಊಟಕ್ಕೂ ನಿಲ್ಲದೇ ಹೋದ್ರು.

ಮೇಷ್ಟ್ರು ಹೊಡೀತಾರೆ ಅಂತ ಕೈ ಚಾಚಿ ನಿಂತಿದ್ವಿ. "ಎಷ್ಟು ಹಿಡಿದಿದ್ರಿ?" ಅಂದ್ರು. ಇಪ್ಪತ್ತೊಂದು ಸಾರ್. "ಇಪ್ಪತ್ತೊಂದೂ ವಾಪಸ್ ಬಾಟ್ಲಿಗೆ ಬರಬೇಕು." ಕತ್ತಲಾಗೋ ತನಕ ಹುಡುಕಿದ್ರೂ ಹದಿನೇಳೇ ಸಿಕ್ಕಿದ್ದು. ಒಂದು ಸಾಹೇಬ್ರ ಲೆಕ್ಕಕ್ಕೆ ಹೋಯ್ತು. ಇನ್ನು ಮೂರರ ವಂಶದವು ಈಗ್ಲೂ ಶಾಲೆ ಸುತ್ತಮುತ್ತ ಇರಬಹುದು, ಈಗಿನ ಮಕ್ಕಳು ಹುಷಾರು.

ಎರಡನೇ ಸಲ ಉಪ್ಪು ಬಿಟ್ಟು ಸುಣ್ಣ, ಬಿರಡೆ ಬಿಟ್ಟು ಸೈಕಲ್ ಟ್ಯೂಬಿನ ರಬ್ಬರ್ ಟೋಪಿ. ಈ ಸಲ ಗೆದ್ವಿ ಅಂತ ಸೊಪ್ಪಿನಬೆಟ್ಟಕ್ಕೆ ಹೊರಟಿದ್ದ ನಮ್ಮೂರ ದೊಡ್ಡಮ್ಮಂಗೆ ಕೊಟ್ಟೆ. ಆಯಮ್ಮ ಕೋಲನ್ನ ಹಿಂದೆ ಮುಂದೆ ತಿರುಗಿಸಿ ನೋಡಿ "ಅಲ್ಲಾ ಕಣೋ ತಮಾ, ಒಂದ್ ಕೈಲಿ ಕತ್ತಿ, ಇನ್ನೊಂದ್ ಕೈಲಿ ಸೊಪ್ಪು. ನಿನ್ ಕೋಲ್ನ ಯಾವ್ ಕೈಲಿ ಹಿಡ್ಕಳ್ಳಲಿ?" ಅಂದ್ಲು. ಆಗ ನೆನಪಾಗಿದ್ದು ಕೆಂಪು ಇಂಕು. ಅವತ್ತು ಸಂಜೆ ಆಯಮ್ಮನ ಅಂಗೈ ಇಟ್ಟು ಗೆರೆ ಎಳ್ಕೊಂಡೆ. ಕೋಲೇ ಹೋಯ್ತು, ಗೇಣುದ್ದದ ಕೊಳವೆ ಮಾತ್ರ ಉಳೀತು, ಸೊಂಟದಲ್ಲಿ ಕತ್ತಿ ಸಿಗಿಸೋ ಕೊಕ್ಕೆ ಪಕ್ಕ ನೇತಾಡೋ ಹಾಗೆ.

ಇದಕ್ಕೆ ಜಿಲ್ಲಾ ವಸ್ತುಪ್ರದರ್ಶನದಲ್ಲಿ ಎರಡನೇ ಬಹುಮಾನ ಬಂತು, ಸ್ಟೀಲ್ ಟಿಫನ್ ಬಾಕ್ಸು. ಆ ಕತೆಯನ್ನ ನಾನು ಇಂಟರ್‌ವ್ಯೂಗಳಲ್ಲಿ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಇವತ್ತು ಬೆಂಗಳೂರಲ್ಲಿ ಪ್ರಾಡಕ್ಟ್ ಡಿಸೈನ್ ಟೀಮಿಗೆ ಹೆಡ್ ಆಗಿದೀನಿ, ಎರಡು ಡಿಸೈನು ನನ್ನ ಹೆಸರಲ್ಲಿ ರಿಜಿಸ್ಟರ್ ಆಗಿದೆ, ಜಂಬ ಅಂದ್ಕೋಬೇಡಿ, ಬುಡ ಎಲ್ಲಿದೆ ಅಂತ ಹೇಳೋಕೆ ಹೇಳಿದ್ದು.

ಆದ್ರೆ ನಮ್ಮ ಕ್ಲಾಸಲ್ಲಿ ನಿಜವಾಗಿ ಒಳ್ಳೇ ಕೆಲಸ ಮಾಡಿದ್ದು ನಾವಲ್ಲ, ಒಬ್ಬಳು ಹುಡುಗಿ. ಹೆಸರು ಹಾಕಿದ್ರೆ ಬೈತಾಳೆ. ಅವಳ ಅಮ್ಮ ಕೊಯ್ಲು ಶುರುವಾದ್ರೆ ರಾತ್ರಿ ಹನ್ನೊಂದರ ತನಕ ಬೇರೆಯವರ ಮನೇಲಿ ಅಡಿಕೆ ಸುಲೀತಿದ್ರು, ಡಬ್ಬದ ಲೆಕ್ಕದಲ್ಲಿ ದುಡ್ಡು. ಅವಳ ಬುಕ್ಕಿನ ಮೊದಲ ಪುಟದಲ್ಲಿ ಪೆನ್ಸಿಲ್ ಗೆರೆ ಜೊತೆ ಅಡಿಕೆ ಚೊಗರಿನ ಕಪ್ಪು ಗುರುತೂ ಬಿದ್ದಿತ್ತು, ಬೆರಳಿನ ಗೀರೆಲ್ಲ ಕಾಣೋ ಹಾಗೆ. ನೆಲಕ್ಕೆ ಹತ್ತಿದಂಗೆ ಬಗ್ಗಿ ಕೂತು ಅಮ್ಮನ ಸೊಂಟ ಹಿಡಿಯತ್ತೆ ಅಂತ ಅವಳು ಮೆಟ್ಟುಗತ್ತಿ (ಈಳಿಗೆ) ಮಣೆಯನ್ನ ನಾಲ್ಕಿಂಚು ಎತ್ತರ ಮಾಡಿ ಮುಂದಕ್ಕೆ ಒಂಚೂರು ಇಳಿಜಾರು ಕೊಟ್ಳು. ಆಗ ಕತ್ತಿ ಕೆಳಗಾಯ್ತು, ಕೈ ಎಟುಕಲ್ಲ. ಕತ್ತಿ ಎತ್ತರಿಸಿದ್ಲು, ಮಣೆ ಹಿಂದಕ್ಕೆ ವಾಲ್ತು. ಮೂರು ಮಣೆ ಮಾಡಿದ್ಲು. ಪ್ರದರ್ಶನದಲ್ಲಿ ತೀರ್ಪುಗಾರರೊಬ್ರು "ಇದರಲ್ಲಿ ವಿಜ್ಞಾನ ಎಲ್ಲಮ್ಮಾ ಇದೆ?" ಅಂತ ಕೇಳಿ ಮುಂದಕ್ಕೆ ಹೋದ್ರು. ಮೇಷ್ಟ್ರು ಅವತ್ತು ಬಸ್ಸಲ್ಲಿ ವಾಪಸ್ ಬರೋವಾಗ ನಮ್ಮ ಟಿಫನ್ ಬಾಕ್ಸ್ ನೋಡಲೇ ಇಲ್ಲ, ಅವಳ ಮಣೆಯನ್ನ ತಾವೇ ತೊಡೆ ಮೇಲೆ ಇಟ್ಕೊಂಡು ಬಂದ್ರು. ನಂಗೆ ಆಗ ಸ್ವಲ್ಪ ಬೇಜಾರೇ ಆಗಿತ್ತು.

ಈಗಿನದ್ದು ನೋಡಿದ್ರೆ ಸಂಕಟ ಆಗತ್ತೆ. ಪ್ರಾಜೆಕ್ಟ್ ಅಂದ್ರೆ ಅಪ್ಪ ಅಮ್ಮ ರಾತ್ರಿ ಕೂತು ಥರ್ಮಾಕೋಲ್ ಅಂಟಿಸೋದು, ಇಲ್ಲಾ ಪೇಟೇಲಿ ರೆಡಿಮೇಡ್ ಜ್ವಾಲಾಮುಖಿ ತರೋದು. ದುಡ್ಡಿಲ್ಲ ಅಂತೇನಲ್ಲ, 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಸ್ಕೀಮಲ್ಲಿ ಒಂದೊಂದು ಶಾಲೆಗೆ 20 ಲಕ್ಷದ ತನಕ ಕೊಡ್ತಾರೆ, ತ್ರೀಡಿ ಪ್ರಿಂಟರ್ ಬರತ್ತೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಸ್ಕೀಮಲ್ಲಿ ಐಡಿಯಾ ಸೆಲೆಕ್ಟ್ ಆದ ಮಕ್ಕಳಿಗೆ ಹತ್ತು ಸಾವಿರ ಸಿಗತ್ತೆ. ಎಲ್ಲಾ ಒಳ್ಳೇದೇ. ಆದ್ರೆ ಹೋದ ವರ್ಷ ಒಂದು ಕಡೆ ಜಡ್ಜ್ ಆಗಿ ಕರೆದಿದ್ರು, ಪ್ರಿಂಟರಲ್ಲಿ ಸಾಲಾಗಿ ಕೀಚೈನ್ ಬರ್ತಿತ್ತು, ಯಾರಿಗೋಸ್ಕರ ಮಾಡಿದ್ದು ಮರಿ ಅಂದ್ರೆ ಹುಡುಗ ಟೀಚರ್ ಮುಖ ನೋಡಿದ. ನನ್ನ ಅಕ್ಕನ ಮಗಳು ಇಂಗ್ಲೆಂಡಲ್ಲಿ ಓದ್ತಾಳೆ, ಅಲ್ಲಿ ಜಿಸಿಎಸ್‌ಇನಲ್ಲಿ, ಅಂದ್ರೆ ನಮ್ಮ ಎಸ್ಸೆಲ್ಸಿ ಥರದ ಪರೀಕ್ಷೇಲಿ, ಡಿಸೈನ್ ಅಂಡ್ ಟೆಕ್ನಾಲಜಿ ಅಂತ ಸಬ್ಜೆಕ್ಟೇ ಇದೆ, ಅರ್ಧ ಮಾರ್ಕ್ಸು ಬರೀ ಪ್ರಾಜೆಕ್ಟಿಗೆ. ಬಳಸೋರನ್ನ ಮಾತಾಡಿಸಬೇಕು, ಸ್ಕೆಚ್ ಹಾಕಬೇಕು, ಮಾಡೆಲ್ ಮಾಡಬೇಕು, ಬಳಸಿ ನೋಡಿ ತಿದ್ದಬೇಕು, ಎಲ್ಲ ಬರೆದಿಡಬೇಕು. "ಮಾಮ, ಇದೆಲ್ಲ ನಿಂಗೆ ಗೊತ್ತಾ?" ಅಂತ ಕೇಳಿದ್ಲು. ಗೊತ್ತಾ ಅಂತ ಕೇಳ್ತಾಳೆ! ನಮಗೆ ಅರ್ಧ ಮಾರ್ಕ್ಸಿರಲಿ, ಎಸ್ಸೆಲ್ಸಿ ಲೆಕ್ಕಕ್ಕೆ ಒಂದು ಮಾರ್ಕೂ ಇರಲಿಲ್ಲ ಪುಟ್ಟಿ ಅಂದೆ.

ಮೇಷ್ಟ್ರ ವೈಕುಂಠಕ್ಕೆ ಹೋಗಿದ್ದೆ. ಊಟ ಆದ್ಮೇಲೆ ಕೈ ತೊಳೆಯೋ ನೆಪದಲ್ಲಿ ಹಿತ್ತಲು, ಜಗುಲಿ, ಗೋಡೆ ಗೂಟ ಎಲ್ಲಾ ಕಡೆ ಕಣ್ಣಾಡಿಸಿದೆ, ನಮ್ಮ ಉಂಬಳದ ಕೊಳವೆ ಎಲ್ಲಾದ್ರೂ ಇದ್ಯಾ ಅಂತ. ಇರಲಿಲ್ಲ. ಅಮ್ಮಾವ್ರನ್ನ ಕೇಳಿದ್ದಕ್ಕೆ "ಓ ಅದಾ, ವಾಟೆದು, ಬೇಸಿಗೇಲಿ ಸೀಳು ಬಿಡ್ತಲ್ಲಪ್ಪ, ಒಲೆಗೆ ಹಾಕಿದೆ" ಅಂದ್ರು. ಅಡಿಗೆಮನೇಲಿ ಅವಳ ಮಣೆ ಇತ್ತು. ಆ ಮೂರರಲ್ಲಿ ಯಾವ್ದೋ ಒಂದು. ಕೂತು ಕೂತು ಹಲಗೆ ನಯವಾಗಿ ಹೊಳೀತಿತ್ತು, ಅವತ್ತು ಬೆಳಿಗ್ಗೆ ಕುಂಬಳಕಾಯಿ ಹೆಚ್ಚಿದ ಸಿಪ್ಪೆ ಇನ್ನೂ ಪಕ್ಕದಲ್ಲೇ ಇತ್ತು. "ಒಂದು ಕಾಲು ಅಲ್ಲಾಡ್ತಿದೆ, ಇವರು ಇದ್ದಿದ್ರೆ ಬೆಣೆ ಹೊಡೀತಿದ್ರು" ಅಂದ್ರು ಅಮ್ಮಾವ್ರು.

ನಾನು ಹೊಡೀತೀನಿ ಅಂದೆ. ಮೇಷ್ಟ್ರ ಪೆಟ್ಟಿಗೆಯಿಂದ ಉಳಿ, ಕೊಡತಿ ತಂದುಕೊಟ್ರು. ಕಂಪ್ಯೂಟರಲ್ಲಿ ಬಿಟ್ರೆ ನಾನು ಮರ ಮುಟ್ಟಿ ಇಪ್ಪತ್ತು ವರ್ಷದ ಮೇಲಾಯ್ತು. ಮೊದಲ್ನೇ ಬೆಣೆ ತೆಳ್ಳಗಾಯ್ತು. ಎರಡನೇದು ಹೊಡೆಯೋವಾಗ ಸೀಳ್ತು. ಮೂರನೇದು ಹೆಂಗೋ ಒಳಗೆ ಕೂತ್ಕಂತು, ಇಸ್ತ್ರಿ ಮಾಡಿದ ಬಿಳೀ ಅಂಗಿ ತುಂಬ ಹಲಸಿನ ಹೊಟ್ಟು. ಅಮ್ಮಾವ್ರು ಮಣೆ ಮೇಲೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ನೋಡಿದ್ರು.

"ಒಂಚೂರು ಅಲ್ಲಾಡ್ತದಪ್ಪ ಇನ್ನೂ" ಅಂದ್ರು.